ಕೈ ಕೊಟ್ಟ ದೆವ್ವ

ಒಂದೂರಿತ್ತಂತೆ. ಯಾವೂರು ಅಂತ ಕೇಳಬೇಡಿ, ಕೇಳಿದ್ರೆ ನಿಮ್ಮೂರೇ ಅಂದ್ಬಿಡ್ತೀನಿ. ಸುಮ್ಮನೆ ಹೂಂ ಹೂಂ ಅಂತಿರಿ, ಸಾಕು. ಹೂಂಗುಟ್ಟೋರಿಲ್ಲದಿದ್ರೆ ನಾನೇನು ಗೋಡೆಗೆ ಕಥೆ ಹೇಳಲಾ?

ಆ ಊರು ಒಂದು ಕಾಲಕ್ಕೆ ಬಲು ಚೆನ್ನಾಗಿತ್ತಂತೆ. ದಾರಿಹೋಕರಿಗೆ ಅಂತ ಮನೆಮನೆ ಜಗಲಿ ಮೇಲೂ ಒಂದು ಗಡಿಗೆ ಮಜ್ಜಿಗೆ ಇಡ್ತಿದ್ರಂತೆ. ಬೇಡೋಕೆ ಬಂದೋರು ಬರಿಗೈಲಿ ಹೋಗ್ತಿರಲಿಲ್ಲವಂತೆ. ಯಾರದಾದ್ರೂ ಗಾಡಿ ಕೆಸರಲ್ಲಿ ಹೂತ್ರೆ, ಅವನು ಕೂಗೋಕೆ ಮುಂಚೇನೇ ಹಾದು ಹೋಗೋರು ಬಂದು ಹೆಗಲು ಕೊಡ್ತಿದ್ರಂತೆ. ಇನ್ನು ಯಾರ ಮನೆಗಾದ್ರೂ ತೊಲೆ ಏರಿಸೋ ದಿನ ಬಂತು ಅಂದ್ರೆ ಕೇಳಬೇಕಾ! ಮನೆಗೊಬ್ಬರು ಬರಲೇಬೇಕು. ಕೂಲಿ ಗೀಲಿ ಏನಿಲ್ಲ. ತೊಲೆ ಏರಿದ ಮೇಲೆ ಒಂದು ರಾಗಿಮುದ್ದೆ, ಒಂದು ಸೌಟು ಹುರುಳಿಕಾಳು ಸಾರು. ಅಷ್ಟಕ್ಕೇ ಊರಿಗೆ ಊರೇ ಬರ್ತಿತ್ತಂತೆ.

ಅಂಥಾ ಊರು ಹೆಂಗೆ ಕೆಟ್ಟಿತು, ಯಾವ ಪಾಪಿ ಕೆಡಿಸಿದ ಅಂತೀರಿ. ಪಾಪಿ ಯಾರೂ ಇಲ್ಲ ಕಣ್ರಪ್ಪ. ಸಿಂಗ್ರಯ್ಯ ಅಂತ ಒಬ್ಬ ಇದ್ದ, ಒಳ್ಳೇ ಮನುಷ್ಯನೇ. ಒಂದಿನ ಅವನಿಗೆ ಸೊಂಟ ಹಿಡಕೊಂಡು ತೊಲೆ ಎತ್ತೋಕೆ ಹೋಗಲಿಲ್ಲ. ಸಾಯಂಕಾಲ ಕೋಲೂರಿಕೊಂಡು ಹೋಗಿ ನೋಡ್ತಾನೆ, ತೊಲೆ ಏರಿ ಕೂತಿದೆ! "ಅರೆ, ನಾನೊಬ್ಬ ಹೋಗದಿದ್ರೂ ಏರ್ತದಲ್ಲ!" ಅಂದನಂತೆ. ಅಂದೋನು ಮನಸಲ್ಲೇ ಇಟ್ಟುಕೊಂಡಿದ್ರೆ ಚೆನ್ನಾಗಿತ್ತು. ಅರಳಿಕಟ್ಟೆಗೆ ಹೋಗಿ ಎಲ್ಲರಿಗೂ ಹೇಳಿದ. ಮುಂದಿನ ಸಲ ಸೊಂಟ ನೆಟ್ಟಗಿದ್ರೂ ಹೋಗಲಿಲ್ಲ. ಅವನ್ನ ನೋಡಿ ಪಕ್ಕದ ಮನೆಯವನು, ಪಕ್ಕದ ಮನೆಯವನ್ನ ನೋಡಿ ಎದುರುಮನೆಯವನು. "ನಾನೊಬ್ಬ ಹೋಗದಿದ್ರೇನು?" "ನಾನೊಬ್ಬಳು ಮಜ್ಜಿಗೆ ಇಡದಿದ್ರೇನು?" ಊರ ಬಾಯಲ್ಲೆಲ್ಲ ಇದೇ ಮಾತು. ಜಗಲಿ ಮೇಲಿನ ಗಡಿಗೆಗಳು ಬೋರಲು ಬಿದ್ದವು. ಬೇಡೋಕೆ ಬಂದ ಜೋಗಿ, ಮುಂದಿನ ಮನೆಗೆ ಹೋಗು, ಮುಂದಿನ ಮನೆಗೆ ಹೋಗು ಅನ್ನಿಸಿಕೊಂಡು ಮುಂದಿನ ಊರಿಗೇ ಹೊರಟುಹೋದನಂತೆ.

ಆ ಊರಲ್ಲಿ ಮುದ್ದವ್ವ ಅಂತ ಒಬ್ಬಳು ಹೆಂಗಸು. ಗಂಡ ತೀರಿಕೊಂಡಿದ್ದ. ಇದ್ದೋಳು ಹೊನ್ನಿ ಅಂತ ಒಬ್ಬಳೇ ಮಗಳು, ಅವಳನ್ನ ಪಕ್ಕದೂರಿಗೆ ಕೊಟ್ಟಿದ್ದಳು. ಹೊನ್ನಿ ಈಗ ತುಂಬು ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ? ಆದ್ರೆ ತವರಲ್ಲಿ ಏನಿದೆ? ಗೆದ್ದಲು ಹಿಡಿದು ತೊಲೆ ಮುರಿದು ಬಿದ್ದು, ನಾಲ್ಕು ಗೋಡೆ, ಮೇಲೆ ಬರೀ ಆಕಾಶ! ಮಳೆಗಾಲ ಬೇರೆ ಹೊಸ್ತಿಲಿಗೆ ಬಂದು ನಿಂತಿದೆ. ಹೊನ್ನಿಯ ಅತ್ತೆ ಹೇಳಿ ಕಳಿಸಿದಳಂತೆ, "ನಾಡಿದ್ದು ಗಾಡಿ ಕಟ್ಟಿಸಿಕೊಂಡು ಬರ್ತೀನಿ. ಸೂರಿದ್ರೆ ಸೊಸೇನ ಬಿಟ್ಟು ಹೋಗ್ತೀನಿ, ಇಲ್ಲದಿದ್ರೆ ಅದೇ ಗಾಡೀಲಿ ವಾಪಸ್ಸು." ಮಾತು ಖಾರವಾಯ್ತು, ಆದ್ರೆ ತಪ್ಪು ಅನ್ನೋಕಾಗಲ್ಲ ಬಿಡಿ. ಹಸುಗೂಸನ್ನ ಮಳೇಲಿ ಮಲಗಿಸೋಕಾಗುತ್ತಾ? ಹೊನ್ನಿ ಮಾತ್ರ, "ಅವ್ವಾ, ನೀನು ಪಕ್ಕದಲ್ಲಿಲ್ದೆ ನಾನು ಹೆರಲ್ಲ, ನನಗೆ ಭಯ" ಅಂತ ಅತ್ತು ಹೇಳಿ ಕಳಿಸಿದಳಂತೆ.

ಮುದ್ದವ್ವ ಹಿತ್ತಲ ಹಲಸಿನ ಮರ ಕಡಿಸಿ ತೊಲೆ ಮಾಡಿಸಿಟ್ಟಿದ್ದಳು. ಮನೆಮನೆಗೂ ಹೋಗಿ, "ನಾಡಿದ್ದು ಬೆಳಿಗ್ಗೆ ತೊಲೆ ಏರಿಸ್ತೀನಿ, ಬನ್ರಪ್ಪ" ಅಂದಳು. ಯಾರೂ ಇಲ್ಲ ಅನ್ನಲಿಲ್ಲ ನೋಡಿ! ಎಲ್ಲರೂ, "ಬರ್ತೀವಿ ಕಣವ್ವ, ಬರದೇ ಇರ್ತೀವಾ" ಅಂದರು. ಆ ದಿನ ಬಂತು. ದೊಡ್ಡ ಹಂಡೇಲಿ ಸಾರು ಕಾಯಿಸಿದಳು, ಮುದ್ದೆ ಕಟ್ಟಿದಳು, ಬಾಗಿಲಲ್ಲಿ ನಿಂತು ನೋಡಿದಳು. ಹೊತ್ತು ಏರಿತು. ಒಂದು ನರಪಿಳ್ಳೇನೂ ಬರಲಿಲ್ಲ. ತಾನೇ ತೊಲೆಯ ತುದಿ ಹಿಡಿದು ಎತ್ತೋಕೆ ನೋಡಿದಳು. ತೊಲೆ ಅಲ್ಲಾಡಲೂ ಇಲ್ಲ. ಎದೆ ಬಡಕೊಂಡು ಊರಾಚೆ ಹುಣಸೆಮರದ ಕೆಳಗೆ ಹೋಗಿ ಕೂತಳಂತೆ.

ಮಟಮಟ ಮಧ್ಯಾಹ್ನ. ಆ ಹೊತ್ತಲ್ಲಿ ಹುಣಸೆಮರದ ಹತ್ರ ಯಾರೂ ಸುಳಿಯಲ್ಲ, ಯಾಕೆ ಅಂತ ನಿಮಗೂ ಗೊತ್ತು. ಮುದ್ದವ್ವನಿಗೆ ಅದ್ಯಾವುದರ ಖಬರೂ ಇರಲಿಲ್ಲ. "ಈ ಊರಲ್ಲಿ ಹುಟ್ಟಿದೋರು ಯಾರಾದ್ರೂ ಒಬ್ರು ನನಗೊಂದು ಕೈ ಕೊಡ್ರೋ!" ಅಂತ ಕೂಗಿದಳಂತೆ.

"ಎಡಗೈ ಬೇಕಾ, ಬಲಗೈ ಬೇಕಾ?" ಅಂತ ಮರದ ಮೇಲಿಂದ ದನಿ ಬಂತು.

ಮುದ್ದವ್ವ ತಲೆಯೆತ್ತಿ ನೋಡಲೂ ಇಲ್ಲ. "ಯಾವುದಾದ್ರೂ ಸರಿ, ಗಟ್ಟಿ ಕೈ ಕೊಡು" ಅಂದಳು.

ದಡ್ ಅಂತ ಮಡಿಲಿಗೆ ಒಂದು ಬಲಗೈ ಬಿತ್ತು. ಬರೀ ಕೈ!

ಮೇಲೆ ನೋಡ್ತಾಳೆ, ಕೊಂಬೆ ಮೇಲೆ ದೊಡ್ಡೀರಯ್ಯ ಕಾಲು ಇಳಿಬಿಟ್ಟು ಕೂತವನೆ. ಅದೇ ಊರೋನು, ಯಾವಾಗಲೋ ಸತ್ತೋನು, ಬದುಕಿದ್ದಾಗ ಎಂಜಲು ಕೈಲಿ ಕಾಗೆ ಓಡಿಸಿದೋನಲ್ಲ. ಬೇರೆ ಯಾರಾದ್ರೂ ಆಗಿದ್ರೆ ಅಲ್ಲೇ ಪ್ರಾಣ ಬಿಡ್ತಿದ್ರು. ಬಸುರಿ ಮಗಳ ಗಾಡಿ ದಾರೀಲಿರೋವಾಗ ದೆವ್ವಕ್ಕೆ ಹೆದರೋಕೆ ಪುರುಸೊತ್ತೆಲ್ಲಿ? ಮುದ್ದವ್ವ ರೇಗಿದಳಂತೆ, "ಥೂ ನಿನ್ನ! ಕೈ ಕೊಡು ಅಂದ್ರೆ ಕಿತ್ತು ಕೊಡೋದಾ?"

"ನನಗೇನು ಗೊತ್ತವ್ವ? ಯಾವತ್ತಾದ್ರೂ ಕೊಟ್ಟಿದ್ರೆ ತಾನೆ, ಹೆಂಗೆ ಕೊಡೋದು ಅಂತ ತಿಳಿಯೋದು!" ಅಂತು ದೆವ್ವ. ಆಮೇಲೆ ಅಳುಮೋರೆ ಹಾಕಿಕೊಂಡು ಹೇಳಿತಂತೆ, "ನನ್ನ ಕೈಯಿಂದ ಒಬ್ಬರಿಗೆ ಒಂದು ಉಪಕಾರ ಆಗೋ ತನಕ ಈ ಮರ ಬಿಡಂಗಿಲ್ಲ ಅಂತ ಯಮನ ಅಪ್ಪಣೆ. ಈ ಊರೋರು ಮೊದಲೆಲ್ಲ ಒಬ್ಬರಿಗೊಬ್ಬರು ಆಗ್ತಿದ್ರು, ನನ್ನ ತನಕ ಯಾರೂ ಬರಲೇ ಇಲ್ಲ. ನೀನೇ ಮೊದಲು. ಬೇಡ ಅನ್ನಬೇಡ ತಾಯಿ, ತಗೊಂಡು ಹೋಗು."

ಬಂದಿದ್ದು ಬರಲಿ ಅಂತ ಮುದ್ದವ್ವ ಕೈನ ಸೆರಗಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ಕೈ ತೊಲೆಯ ಒಂದು ತುದಿ ಹಿಡಿದು ಎತ್ತಿತು. ಇನ್ನೊಂದು ತುದಿ ನೆಲ ಬಿಡಲಿಲ್ಲ. ಒಂದು ಕೈಲಿ ಚಪ್ಪಾಳೆ ಆಗುತ್ತಾ ಹೇಳಿ?

"ಹಿಂಗಾಗಲ್ಲ. ಹೋಗು, ಊರಲ್ಲಿರೋ ಕೈನೆಲ್ಲ ಕರ್ಕೊಂಡು ಬಾ" ಅಂದಳು ಮುದ್ದವ್ವ.

ಕೈ ಬೆರಳ ಮೇಲೆ ಓಡಿತಂತೆ. ಮೊದಲು ಹೋಗಿದ್ದು ಸಿಂಗ್ರಯ್ಯನ ಮನೆಗೆ. ಅವನು ಉಂಡು ಜಗಲಿ ಮೇಲೆ ಗೊರಕೆ ಹೊಡೀತಿದ್ದ. ಕೈ ಅವನ ಕಿವಿ ಹಿಡಿದು ಎಬ್ಬಿಸಿತು. ಕಣ್ಣು ಬಿಟ್ಟು ನೋಡ್ತಾನೆ, ಹಿಡಿದಿರೋ ಕೈ ಇದೆ, ಕೈ ಹಿಂದೆ ಮನುಷ್ಯನೇ ಇಲ್ಲ! "ಅಯ್ಯಯ್ಯೋ!" ಅಂತ ಪಂಚೆ ಎತ್ತಿ ಕಟ್ಟಿಕೊಂಡು ಓಡಿದ. ಕೈ ಕಿವಿ ಬಿಡದೆ ಅವನನ್ನ ಮುದ್ದವ್ವನ ಮನೆಗೇ ಅಟ್ಟಿಕೊಂಡು ಬಂತು. ತೊಲೆ ಮುಟ್ಟಿದ ಮೇಲೇನೇ ಕಿವಿ ಬಿಟ್ಟಿದ್ದು. ಆಮೇಲೆ ಪಕ್ಕದ ಮನೆಯವನ ಜುಟ್ಟು, ಎದುರುಮನೆಯವನ ಮೀಸೆ. ಅರಳಿಕಟ್ಟೇಲಿ ಪಗಡೆ ಆಡ್ತಿದ್ದೋರನ್ನಂತೂ ಕತ್ತು ಹಿಡಿದೇ ಎಳಕೊಂಡು ಬಂತಂತೆ. ತೊಲೆಗೆ ಕೈ ಹಚ್ಚಿದೋರಿಗೆ ಏನೂ ಮಾಡಲ್ಲ ಅಂತ ಗೊತ್ತಾಗಿದ್ದೇ ತಡ, ಉಳಿದೋರು ತಾವೇ ಓಡಿ ಬಂದು ತೊಲೆ ಹಿಡಿದರು. ನಗಬೇಡ್ರೋ, ನೀವಾಗಿದ್ರೂ ಓಡಿ ಬರ್ತಿದ್ರಿ.

"ಏಲೇಸಾ... ಐಸಾ!" ಅಂದರು. ತೊಲೆ ನೆಲ ಬಿಟ್ಟಿತು, ಹೆಗಲಿಗೆ ಬಂತು, ಗೋಡೆ ಹತ್ತಿ ನಿಂತೋರ ಕೈಗೆ ಬಂತು. ಒಂದು ತುದೀಲಿ ದೆವ್ವದ ಕೈಯೂ ಎತ್ತುತ್ತಾ ಇದೆ. ಕೆಳಗೆ ಮುದ್ದವ್ವ, ಕವಲುಕಂಬ ವಾಲದಂಗೆ ತಬ್ಬಿ ಹಿಡಿದು ನಿಂತವಳೆ. ಇನ್ನೊಂದು ಮೊಳ ಎತ್ತಿದ್ರೆ ತೊಲೆ ಕವಲಲ್ಲಿ ಕೂರಬೇಕು.

ಅಷ್ಟರಲ್ಲಿ ದೆವ್ವದ ಕೈ ಒಣಗಿದ ಕಡ್ಡಿಯಾಗಿ ಪಟ್ ಅಂತ ಕೆಳಗೆ ಬಿತ್ತು. ಹುಣಸೆಮರದ ಕಡೆಯಿಂದ ಕೂಗು ಕೇಳಿಸಿತು, "ಮುದ್ದವ್ವಾ, ನಿನಗೆ ಉಪಕಾರ ಆಯ್ತು, ನನಗೆ ಬಿಡುಗಡೆ ಆಯ್ತು! ಹೋಗಿ ಬರ್ತೀನವ್ವೋ!"

"ಬರಬೇಡ! ಹೋಗು, ಅಷ್ಟೆ!" ಅಂತ ತೊಲೆ ಹಿಡಿದೋರೆಲ್ಲ ಒಟ್ಟಿಗೆ ಕಿರಿಚಿದರು.

"ಅಯ್ಯೋ, ತೊಲೆ ಇನ್ನೂ ಕೂತಿಲ್ಲ ಕಣೋ! ಕಡೇಗೆ ನೀನೂ ಕೈ ಕೊಟ್ಟೆಯಲ್ಲೋ!" ಅಂತ ಮುದ್ದವ್ವ ಗೋಳಾಡಿದಳಂತೆ.

ಈಗ ನೋಡಿ ಇರೋದು. ಹೆದರಿಸಿ ಕರ್ಕೊಂಡು ಬಂದಿದ್ದ ಕೈಯೇ ಇಲ್ಲ. ಬಿಟ್ಟು ಓಡಿದ್ರೆ ಕೇಳೋರಿಲ್ಲ. ಗೋಡೆ ಮೇಲೆ ನಿಂತಿದ್ದ ಸಿಂಗ್ರಯ್ಯನ ತಲೇಲಿ ಹಳೇ ಮಾತೇ ಬಂತು, ನಾನೊಬ್ಬ ಬಿಟ್ರೇನು, ಇಷ್ಟು ಜನ ಇದ್ದಾರಲ್ಲ ಅಂತ. ಬಿಡಲಿಲ್ಲ, ಸ್ವಲ್ಪವೇ ಸ್ವಲ್ಪ ಕೈ ಸಡಿಲ ಮಾಡಿದ. ಮಾಡಿದ್ದೇ ತಡ, ಅವನ ಭಾರವೆಲ್ಲ ಪಕ್ಕದೋನ ಮೇಲೆ ಹೋಯ್ತು. ಪಕ್ಕದೋನು "ಸತ್ತೆ!" ಅಂದ, ಅವನ ಪಕ್ಕದೋನ ಮಂಡಿ ಬಾಗಿತು, ತೊಲೆ ವಾಲಿ ಮುದ್ದವ್ವನ ನೆತ್ತಿ ಮೇಲಕ್ಕೇ ಬಂತು. ಮುದ್ದವ್ವ ಕಂಬ ಬಿಟ್ಟು ಓಡಬಹುದಿತ್ತು. ಓಡಲಿಲ್ಲ. ಬಿಟ್ರೆ ಸೂರು ಹೋಯ್ತು, ಮಗಳು ಹೋದಳು. ತಲೆಯೆತ್ತಿ ಸಿಂಗ್ರಯ್ಯನ್ನೇ ನೋಡಿ, "ಅಣ್ಣಾ" ಅಂದಳಂತೆ. ಅಷ್ಟೇ ಅಂದದ್ದು.

ತನ್ನೊಬ್ಬನ ಕೈಗೆ ಅಷ್ಟು ತೂಕ ಇದೆ ಅಂತ ಸಿಂಗ್ರಯ್ಯನಿಗೆ ಗೊತ್ತೇ ಇರಲಿಲ್ಲ, ಪಾಪ. ಹೆಗಲು ತೊಲೆ ಕೆಳಗೆ ಕೊಟ್ಟು, "ಬಿಡಬೇಡ್ರೋ! ಒಬ್ಬನೂ ಬಿಡಬೇಡ್ರೋ! ಹೆಣ್ಮಗಳು ಕೆಳಗವಳೆ ಕಣ್ರೋ!" ಅಂತ ಅರಚಿದ. ಒಬ್ಬನೂ ಬಿಡಲಿಲ್ಲ. "ಏಲೇಸಾ... ಐಸಾ!" ಅಂತ ಇನ್ನೊಂದು ಮೊಳ ಎತ್ತಿದರು. ತೊಲೆ ಗಡಕ್ ಅಂತ ಕವಲಲ್ಲಿ ಕೂತಿತು.

ಅಬ್ಬಾ! ಎಲ್ಲರೂ ಇದ್ದಲ್ಲೇ ಕುಸಿದು ಕೂತರಂತೆ. ಒಬ್ಬ ನಕ್ಕ, ಒಬ್ಬ ಅತ್ತ, ಒಬ್ಬ ತನ್ನ ಮೀಸೆ ಇದೆಯಾ ಅಂತ ಮುಟ್ಟಿ ನೋಡಿಕೊಂಡ. ಮುದ್ದವ್ವ ಎಲ್ಲರಿಗೂ ಬಾಯಿಗೆ ಬಂದಂಗೆ ಬೈದು, ಬೈತಾ ಬೈತಾನೇ ಎಲೆ ಹಾಕಿದಳು. "ಮುದ್ದೆ ಆರಿ ಕಲ್ಲಾಗಿದೆ, ಅದನ್ನೇ ತಿನ್ರಿ, ನಿಮಗೆ ಹಂಗೇ ಆಗಬೇಕು" ಅಂದಳು. ಕಮಕ್ ಕಿಮಕ್ ಅನ್ನದೆ ತಿಂದರಂತೆ. ಬಹಳ ದಿನದ ಮೇಲೆ ಒಟ್ಟಿಗೆ ಕೂತು ಉಂಡದ್ದು, ರುಚಿಯಾಗೇ ಇತ್ತಂತೆ.

ಕೈ ತೊಳೆಯೋಕೂ ಗಾಡಿ ಬರೋಕೂ ಸರಿಹೋಯ್ತು. ಹೊನ್ನಿಯ ಅತ್ತೆ ಇಳಿದು ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದಳು. ತೊಲೆ ಇದೆ, ಹೊದಿಕೆ ಇಲ್ಲ. ಬಾಯಿ ತೆಗೀಬೇಕು, ಅಷ್ಟರಲ್ಲಿ ಸಿಂಗ್ರಯ್ಯ ಎದ್ದು, "ನೀವು ಮಜ್ಜಿಗೆ ಕುಡಿದು ಸುಧಾರಿಸಿಕೊಳ್ಳಿ ತಾಯಿ, ಹೊದಿಸಿಬಿಡ್ತೀವಿ" ಅಂದ. ಒಬ್ಬ ಗಳ ತಂದ, ಒಬ್ಬ ಹುಲ್ಲು ತಂದ, ಒಬ್ಬ ಹಗ್ಗ ಹೊಸೆದ. ಯಾರೂ ಯಾರ ಕಿವಿಯನ್ನೂ ಹಿಡಿಯಲಿಲ್ಲ. ಹೊತ್ತು ಮುಳುಗೋದರೊಳಗೆ ಸೂರು ಮುಗೀತು.

"ಇಷ್ಟು ಜನಕ್ಕೆ ಏನು ಕೂಲಿ ಕೊಟ್ಟೆ ಬೀಗಿತ್ತಿ?" ಅಂತ ಹೊನ್ನಿಯ ಅತ್ತೆ ಕೇಳಿದಳಂತೆ.

"ಆರಿದ ಮುದ್ದೆ" ಅಂದಳು ಮುದ್ದವ್ವ.

ಅತ್ತೆ ಹೊನ್ನಿಯ ಗಂಟು ತಾನೇ ಹೊತ್ತು ಒಳಗಿಟ್ಟಳಂತೆ. ಒಣಗಿದ ಕೈನ ಮುದ್ದವ್ವ ಹುಣಸೆಮರದ ಬುಡದಲ್ಲಿ ಮಣ್ಣು ಮಾಡಿ ಬಂದಳು. ಎಷ್ಟಾದ್ರೂ ಕೊಟ್ಟ ಕೈ ಅಲ್ವಾ?

ಅವಳು ಹೊಸ್ತಿಲು ದಾಟಿದ್ದೇ ತಡ, ಧೋ ಅಂತ ಮಳೆ ಹಿಡೀತು. ಹೊನ್ನಿ ಚಾಪೆ ಮೇಲೆ ಮಲಗಿ ನೋಡ್ತಾಳೆ, ಅವ್ವ ಮನೆ ನಡುವೆ ಮುಖ ಮೇಲೆತ್ತಿ ನಿಂತು ಬಿಕ್ಕಿ ಬಿಕ್ಕಿ ಅಳ್ತಾವಳೆ. "ಯಾಕವ್ವಾ, ಇನ್ನೇನಾಯ್ತು?" ಅಂತ ಗಾಬರಿಬಿದ್ದಳು.

"ಏನೂ ಇಲ್ಲ ಕಣೇ" ಅಂದಳಂತೆ ಮುದ್ದವ್ವ. "ಒಂದು ತೊಟ್ಟೂ ಸೋರ್ತಿಲ್ಲ."

ಆ ಮಳೇಲೇ ಹೊನ್ನಿ ಸುಖವಾಗಿ ಹೆತ್ತಳಂತೆ, ಅವ್ವನ ಕೈ ಹಿಡಕೊಂಡೇ. ತೊಲೆ ಕೆಳಗೆ ಕಟ್ಟಿದ ತೊಟ್ಟಿಲು ಅಲ್ಲಿ ತೂಗಲಿ, ನಮ್ಮ ಮಕ್ಕಳ ತೊಟ್ಟಿಲು ಇಲ್ಲಿ ತೂಗಲಿ. ಹೇಳಿದೋಳಿಗೆ ಎಲೆಅಡಿಕೆ, ಕೇಳಿದೋರಿಗೆ ಕಣ್ತುಂಬ ನಿದ್ದೆ.