ರಾಚೋಟೆಪ್ಪನ ಬಟ್ಟಲಲ್ಲಿ ಉಳಿದ ಸ್ಕ್ರೂ

ಬಹಳ ಬಹಳ ಹಿಂದೆ, ಹೊಳೆಯ ಆಚೆ ದಂಡೆಗೆ ಒಂದು ನೇಕಾರರ ಊರಿತ್ತಂತೆ. ಊರಿನ ಹೆಸರು ಕೇಳಬೇಡಿ, ಕೇಳಿದರೆ ನಾಲ್ಕು ಊರಿನವರು ಎದ್ದು ನಿಂತು ಅದು ನಮ್ಮೂರೇ ಅಂತಾರೆ. ಯಾವ ಕಾಲ ಅಂತಲೂ ಕೇಳಬೇಡಿ. ಕಂಪ್ಯೂಟರು ಅಂದರೆ ಮೇಜಿನ ಮೇಲೊಂದು ಟಿವಿ, ಮೇಜಿನ ಕೆಳಗೊಂದು ತಗಡಿನ ಪೆಟ್ಟಿಗೆ, ಹೀಗೆ ಅಳಿಯನ ಹಾಗೆ ಮನೆಯೊಳಗೆ ಜಾಗ ಹಿಡಿದು ಕೂರುತ್ತಿದ್ದ ಕಾಲ. ಅಷ್ಟು ಗೊತ್ತಾದರೆ ಸಾಕು.

ಆ ಊರಲ್ಲಿ ರಾಚೋಟೆಪ್ಪ ಅಂತ ಒಬ್ಬನಿದ್ದನಂತೆ. ಅವನ ಕೆಲಸ ಆ ಪೆಟ್ಟಿಗೆ ಕಟ್ಟುವುದು. ಪೇಟೆಯಿಂದ ಬಿಡಿ ಸಾಮಾನು ದೋಣಿಯಲ್ಲಿ ಬರುತ್ತಿತ್ತು, ಇವನು ಅವರವರ ಮನೆಗೇ ಹೋಗಿ ಪಡಸಾಲೆಯಲ್ಲಿ ಕೂತು ಕಂಪ್ಯೂಟರು ಕಟ್ಟಿಕೊಡುತ್ತಿದ್ದ. ನೇಕಾರರಿಗೆ ಕಂಪ್ಯೂಟರು ಯಾಕೆ ಅಂತ ಕೇಳುತ್ತೀರಿ, ಗೊತ್ತು. ಸೀರೆಯ ಸೆರಗಿಗೆ ಹೂವು ಬೀಳಬೇಕಾದರೆ ಮಗ್ಗದ ಮೇಲೆ ತೂತು ಹೊಡೆದ ರಟ್ಟು ತಿರುಗಬೇಕು. ಯಾವ ರಟ್ಟಿಗೆ ಎಲ್ಲೆಲ್ಲಿ ತೂತು ಅನ್ನುವುದನ್ನು ಆ ಪೆಟ್ಟಿಗೆ ಹೇಳುತ್ತಿತ್ತು. ಪೆಟ್ಟಿಗೆ ನಿಂತರೆ ಹೊಸ ಹೂವಿಲ್ಲ, ಹೊಸ ಹೂವಿಲ್ಲದ ಸೀರೆಯನ್ನು ಯಾರೂ ಮೂಸುವುದಿಲ್ಲ. ಮಗ್ಗ ನಿಂತರೆ ಒಲೆಯೂ ನಿಂತ ಹಾಗೆ.

ರಾಚೋಟೆಪ್ಪನ ಹೆಂಡತಿ ಶಿವಗಂಗವ್ವ ಹಳೆಯ ಕೌದಿ ಕತ್ತರಿಸಿ ಅವನಿಗೊಂದು ಹತಾರದ ಚೀಲ ಹೊಲಿದುಕೊಟ್ಟಿದ್ದಳಂತೆ. ಹಾಸಿಗೆಯ ಹಾಗೆ ಸುತ್ತುವುದು, ಹಾಸಿಗೆಯ ಹಾಗೆ ಬಿಚ್ಚುವುದು. ಬಿಚ್ಚಿದರೆ ದೊಡ್ಡದು ಚಿಕ್ಕದು ಸ್ಕ್ರೂಡ್ರೈವರುಗಳು, ಚಿಮಟ, ದೂಳು ಹೊಡೆಯುವ ಬ್ರಷ್ಷು, ವೈರು ಬಿಗಿಯುವ ಪ್ಲಾಸ್ಟಿಕ್ ಪಟ್ಟಿ, ಸ್ಪಿರಿಟಿನ ಬಾಟಲಿ, ಹತ್ತಿ, ಬೆಳಕು ಬಿಡಲು ಒಂದು ಬ್ಯಾಟರಿ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಒಂದು ಪಟ್ಟಿಯೂ ಇತ್ತು. ಅದರ ವೈರನ್ನು ಕಿಟಕಿಯ ಸರಳಿಗೆ ಸಿಕ್ಕಿಸಿಕೊಂಡೇ ಅವನು ಕೆಲಸಕ್ಕೆ ಕೂರುತ್ತಿದ್ದ. ರೇಷ್ಮೆ ಓಡಾಡುವ ಮನೆ, ಮೈಮೇಲೆ ಕರೆಂಟು ಕೂತಿರುತ್ತದೆ, ಅದು ಬೋರ್ಡಿಗೆ ಹಾರಿದರೆ ಬೋರ್ಡು ಸತ್ತಂತೆ. ಊರ ಹೆಂಗಸರು ಮಾತ್ರ ಶಿವಗಂಗವ್ವ ಗಂಡನನ್ನು ಕಿಟಕಿಗೆ ಕಟ್ಟಿಹಾಕಿದ್ದಾಳೆ ಅಂತ ನಗುತ್ತಿದ್ದರಂತೆ.

ಎಲ್ಲಕ್ಕಿಂತ ಜೋಪಾನದ್ದು ಪೇಸ್ಟು. ಸೂಜಿಯಿಲ್ಲದ ಸಿರಿಂಜಿನೊಳಗೆ ಬೂದು ಬಣ್ಣದ ಪೇಸ್ಟು. ಪೆಟ್ಟಿಗೆಯ ತಲೆ ಅನ್ನಿಸಿಕೊಳ್ಳುವ ಚಿಪ್ ಮೇಲೆ ಅದನ್ನು ಬಟಾಣಿಯಷ್ಟು ಇಟ್ಟು, ಮೇಲೆ ಫ್ಯಾನು ಕೂರಿಸಬೇಕು. ಪೇಸ್ಟು ಇಲ್ಲದಿದ್ದರೆ ಕಾವು ಮೇಲೆ ಏರುವುದಿಲ್ಲ, ತಲೆ ಕಾದು ಕಾದು ಸುಡುತ್ತದೆ. ಒಮ್ಮೆ ಫ್ಯಾನು ಎತ್ತಿದಿರೋ, ಹಳೆಯದನ್ನು ಸ್ಪಿರಿಟಿನಲ್ಲಿ ಒರೆಸಿ ಮತ್ತೆ ಹೊಸದು ಹಚ್ಚಲೇಬೇಕು.

ಅವನು ಸ್ಕ್ರೂಡ್ರೈವರು ಚಾಚಿದರೆ ಸ್ಕ್ರೂ ತಾನಾಗಿ ಎದ್ದು ಬರುತ್ತಿತ್ತಂತೆ. ತುದಿಗೆ ಅಯಸ್ಕಾಂತ ಇತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು, ಊರವರಿಗೂ ಗೊತ್ತಿತ್ತು. ಆದರೂ ಹಾಗೆ ಹೇಳುವುದರಲ್ಲಿ ಒಂದು ಸುಖ. ಅವನು ಕಟ್ಟಿದ ಪೆಟ್ಟಿಗೆಯ ಗುಂಯ್ ಸದ್ದಿಗೆ ತೊಟ್ಟಿಲ ಕೂಸು ತೂಗದೆಯೇ ಮಲಗುತ್ತಿತ್ತಂತೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ತೊಟ್ಟಿಲನ್ನು ಪೆಟ್ಟಿಗೆಯ ಪಕ್ಕದಲ್ಲೇ ಕಟ್ಟುತ್ತಿದ್ದರು.

ಕೆಲಸಕ್ಕೆ ಕೂರುವಾಗ ಒಂದು ಕಂಚಿನ ಬಟ್ಟಲಿಗೆ ಬೇಕಾದಷ್ಟೇ ಸ್ಕ್ರೂ ಹಾಕಿಕೊಳ್ಳುತ್ತಿದ್ದ. ಮುಗಿದ ಮೇಲೆ ಮನೆಯವರ ಮುಂದೆ ಬಟ್ಟಲು ಬೋರಲು ಹಾಕುತ್ತಿದ್ದ. ಏನೂ ಬೀಳುತ್ತಿರಲಿಲ್ಲ. ಆಮೇಲೇ ಗುಂಡಿ ಒತ್ತುವುದು. ಮನೆಯೊಡತಿ ಆ ಬಟ್ಟಲಿಗೆ ಒಂದು ಚೂರು ಬೆಲ್ಲ ಹಾಕಿ ಕಳಿಸುತ್ತಿದ್ದಳಂತೆ.

ಈಗ ಆ ಊರಿನ ಒಂದು ರೂಢಿ ಹೇಳಬೇಕು. ಯಾರದಾದರೂ ಸಾಮಾನು ಹಾದಿಯಲ್ಲಿ ಸಿಕ್ಕರೆ ಅದನ್ನು ಅವರ ಮನೆಯಲ್ಲಿ ಇಟ್ಟು ಸುಮ್ಮನೆ ಬರಬೇಕು. ನಾನು ತಂದುಕೊಟ್ಟೆ ಅಂತ ಬಾಯಿ ಬಿಟ್ಟರೆ ಪುಣ್ಯ ಹೋಯಿತು. ಎಂಥ ಒಳ್ಳೆಯ ರೂಢಿ ಅನಿಸುತ್ತದೆ, ಅಲ್ಲವೇ? ಮುಂದೆ ಕೇಳಿ.

ಲಗ್ನದ ಸುಗ್ಗಿ ಹತ್ತಿರ ಬಂದಿತ್ತು. ಮನೆಮನೆಯಲ್ಲೂ ಹೊಸ ಪೆಟ್ಟಿಗೆ ಬೇಕು. ರಾಚೋಟೆಪ್ಪ ಒಂದು ಮನೆಯಿಂದ ಇನ್ನೊಂದು ಮನೆಗೆ ಅದೇ ಬಟ್ಟಲು ಹಿಡಿದು ಕಟ್ಟುತ್ತಾ ಹೋದನಂತೆ. ಆ ಅವಸರದಲ್ಲಿ ಎಷ್ಟೋ ಮನೆಗಳಲ್ಲಿ ಬಟ್ಟಲು ಬೋರಲು ಹಾಕುವುದನ್ನೇ ಬಿಟ್ಟಿದ್ದ. ಒಂದು ಮಧ್ಯಾಹ್ನ ಚೌಡಪ್ಪ ಅನ್ನುವ ನೇಕಾರನ ಮನೆಯಲ್ಲಿ ಕೆಲಸ ನಡೆದಿತ್ತು. ಬಟ್ಟಲು ಕಟ್ಟೆಯ ಮೇಲಿಟ್ಟು ಊಟಕ್ಕೆ ಒಳಗೆ ಹೋದ. ಆಗ ಕಾಶವ್ವ ಬಂದಳು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಮುದುಕಿ, ಕಣ್ಣು ಮಂದ. ಎದುರು ದಂಡೆಯ ಊರಲ್ಲಿ ಮಗಳ ಬಾಣಂತನ, ದೋಣಿ ಹಿಡಿಯುವ ಅವಸರ. ಹಾದಿಯಲ್ಲಿ ಬರಿಗಾಲಿಗೆ ಏನೋ ಚುಚ್ಚಿತು, ಎತ್ತಿ ಮುಟ್ಟಿ ನೋಡಿದರೆ ಸ್ಕ್ರೂ. ಎಂದೋ ರಾಚೋಟೆಪ್ಪನ ಚೀಲದಿಂದ ಬಿದ್ದದ್ದಿರಬೇಕು. ಕಟ್ಟೆಯ ಮೇಲೆ ಅವನ ಬಟ್ಟಲು. ಹಾಕಿದಳು, ರೂಢಿಯಂತೆ ಸುಮ್ಮನಾದಳು, ಹೊಳೆಯ ಕಡೆ ನಡೆದಳು.

ನಿಮಗೆ ಗೊತ್ತಾಯಿತು. ರಾಚೋಟೆಪ್ಪನಿಗೆ ಗೊತ್ತಾಗಲಿಲ್ಲ.

ಸಂಜೆ ಬಟ್ಟಲು ಬೋರಲು ಹಾಕಿದಾಗ ಟಿಣ್ ಅಂದಿತಂತೆ. ಅವನ ಜೀವಮಾನದಲ್ಲಿ ಕೇಳದ ಸದ್ದು. ಚೌಡಪ್ಪನ ಪೆಟ್ಟಿಗೆಯನ್ನು ಮತ್ತೆ ಬಿಚ್ಚಿ ಬ್ಯಾಟರಿ ಹಿಡಿದು ನೋಡಿದ, ಎಲ್ಲಾ ತೂತಿಗೂ ಸ್ಕ್ರೂ ಇತ್ತು. ಹಾಗಾದರೆ ಹಿಂದೆ ಕಟ್ಟಿದ ಯಾವುದೋ ಪೆಟ್ಟಿಗೆಯಲ್ಲಿ ಒಂದು ಬಿಟ್ಟಿದ್ದೇನೆ, ಅದು ಬಟ್ಟಲ ತಳದಲ್ಲೇ ಉಳಿದುಕೊಂಡು ಬಂದಿದೆ ಅಂತ ತಿಳಿದ. ಫ್ಯಾನಿನ ಸ್ಕ್ರೂ ಆಗಿದ್ದರೆ? ಫ್ಯಾನು ವಾಲುತ್ತದೆ, ತಲೆ ಕಾಯುತ್ತದೆ. ಸುತ್ತ ನೂಲು, ಪಕ್ಕದಲ್ಲಿ ತೊಟ್ಟಿಲು. ಯಾವ ಮನೆ? ಯಾರ ಕೂಸು? ಅಂದಿನಿಂದ ಅವನಿಗೆ ಅನ್ನ ಇಳಿಯಲಿಲ್ಲವಂತೆ.

ಬೆಳಗ್ಗೆ ಎದ್ದವನೇ ಮನೆಮನೆಗೆ ಹೋಗಿ ಪೆಟ್ಟಿಗೆ ಬಿಚ್ಚತೊಡಗಿದ. ಆ ಕಾಲದ ಫ್ಯಾನು ಎಂಥ ದೊಡ್ಡದೆಂದರೆ ಅದನ್ನು ಎತ್ತದೆ ಅದರಡಿಯ ಸ್ಕ್ರೂ ಕಾಣುತ್ತಿರಲಿಲ್ಲ. ಎತ್ತಿದ, ನೋಡಿದ, ಒರೆಸಿದ, ಹೊಸ ಪೇಸ್ಟು ಹಚ್ಚಿ ಕೂರಿಸಿದ. ಒಂದು ಕೇರಿ ಮುಗಿಯುವಷ್ಟರಲ್ಲಿ ಪೇಸ್ಟು ಮುಗಿಯಿತು. ಅದೇ ಹೊತ್ತಿಗೆ ಮೇಲೆಲ್ಲೋ ಮಳೆಯಾಗಿ ಹೊಳೆ ತುಂಬಿತು, ದೋಣಿ ನಿಂತಿತು. ಪೇಟೆಯಿಂದ ಏನೂ ಬರುವ ಹಾಗಿಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನೀವಾದರೂ ನಿಲ್ಲಿಸುತ್ತಿದ್ದಿರಿ. ಅವನು ನಿಲ್ಲಿಸಲಿಲ್ಲ. ಬಿಚ್ಚಿಟ್ಟ ಪೆಟ್ಟಿಗೆಗೆ ಬೆಂಕಿ ಹತ್ತುವುದಿಲ್ಲವಲ್ಲ, ಅಷ್ಟು ಸಾಕು ಅಂದನಂತೆ. ಉಳಿದ ಮನೆಗಳಲ್ಲೂ ಫ್ಯಾನು ಎತ್ತಿ ಪಕ್ಕಕ್ಕಿಟ್ಟ, ಪೇಸ್ಟು ಬರುವ ತನಕ ಮುಟ್ಟಬೇಡಿ ಅಂತ ಕೈ ಮುಗಿದು ಹೇಳಿದ. ಲಗ್ನದ ಸುಗ್ಗಿ, ಮೇಜುಗಳ ಕೆಳಗೆ ಪೆಟ್ಟಿಗೆಗಳು ಹೊಟ್ಟೆ ತೆರೆದುಕೊಂಡು ಬಿದ್ದಿದ್ದವು. ಅವುಗಳ ಮೇಲೆ ಮಗ್ಗದ ನೂಲಿನ ದೂಳು ಕೂತಿತು. ರಟ್ಟಿಲ್ಲದೆ ಮಗ್ಗಗಳು ಒಂದೊಂದೇ ನಿಂತವು. ಒಂದು ಮನೆಯವರು ತಾಳಲಾರದೆ ಪೇಸ್ಟಿಲ್ಲದೆಯೇ ಫ್ಯಾನು ಒತ್ತಿ ಕೂರಿಸಿ ಗುಂಡಿ ಒತ್ತಿದರಂತೆ. ಸುಟ್ಟ ವಾಸನೆ ಬಂತು, ಪೆಟ್ಟಿಗೆ ಸತ್ತಿತು. ತಪ್ಪು ಹುಡುಕಲು ಹೊರಟವನ ಕೈಯಿಂದಲೇ ಊರಿಗೆ ಇಲ್ಲದ ತಪ್ಪು ಬಂದು ಕೂತಿತು. ಬಾಗಿಲಿಗೆ ಬಂದವನನ್ನು ಬಾ ಅನ್ನುತ್ತಿದ್ದವರು ಅವನನ್ನು ಕಂಡರೆ ಅಗುಳಿ ಹಾಕತೊಡಗಿದರು.

ಆದರೆ ಅವನು ಒಣಗುತ್ತಿದ್ದುದನ್ನು ನೋಡಿ ಕನಿಕರಪಟ್ಟವರೂ ಇದ್ದರು. ಅವರೇ ಅವನನ್ನು ಮುಗಿಸಿದರು ಅಂತ ನನಗನಿಸುತ್ತದೆ. ಮೊದಲು ಚೌಡಪ್ಪ ಬಂದು, ಆ ಸ್ಕ್ರೂ ತನ್ನ ಕಿಸೆಯಿಂದ ಬಿದ್ದದ್ದು, ತನಗೀಗ ನೆನಪಾಯಿತು ಅಂದ. ಸ್ಕ್ರೂವಿನ ತಲೆ ಚಪ್ಪಟೆಯೋ ಉಬ್ಬೋ ಅಂತ ರಾಚೋಟೆಪ್ಪ ಕೇಳಿದ. ಚಪ್ಪಟೆ ಅಂದ ಚೌಡಪ್ಪ. ಅದು ಉಬ್ಬು ತಲೆಯದು. ಇನ್ನೊಬ್ಬ ಬಂದು ತನ್ನ ಮಗ ಹಾಕಿದ್ದು ಅಂದ, ಮತ್ತೊಬ್ಬಳು ತನ್ನ ಹೊಲಿಗೆ ಯಂತ್ರದ್ದು ಅಂದಳು. ಎಲ್ಲರಿಗೂ ಅದೇ ಪ್ರಶ್ನೆ, ಎಲ್ಲರದೂ ತಪ್ಪು ಉತ್ತರ. ಕೊನೆಗೆ ಶಿವಗಂಗವ್ವನೂ ನಾನೇ ಹಾಕಿದೆ ಅಂದಳಂತೆ. ಅವನು ಅವಳನ್ನು ಏನೂ ಕೇಳಲಿಲ್ಲ, ಅವಳ ಕೈ ಹಿಡಿದುಕೊಂಡು ಅತ್ತ.

ಹೊಳೆ ಇಳಿಯಿತು. ಮೊದಲ ದೋಣಿಯಲ್ಲಿ ಪೇಸ್ಟು ಬಂತು. ಅದೇ ದೋಣಿಯಲ್ಲಿ ಕಾಶವ್ವ ಬಂದಳು, ಮಗಳನ್ನೂ ಎಳೆಗೂಸನ್ನೂ ಕರೆದುಕೊಂಡು. ದಂಡೆಯಲ್ಲೇ ಸುದ್ದಿ ಕೇಳಿದವಳು ಮನೆಗೂ ಹೋಗದೆ, ಕೂಸನ್ನು ಎತ್ತಿಕೊಂಡೇ ರಾಚೋಟೆಪ್ಪನ ಬಾಗಿಲಿಗೆ ಓಡಿದಳಂತೆ.

"ಯಪ್ಪಾ ರಾಚೋಟಿ, ಅದನ್ನ ನಾನ ಹಾಕೀನೋ. ಹಾದ್ಯಾಗ ಕಾಲಿಗೆ ಚುಚ್ಚಿತ್ತು, ನಿಂದ ಇರಬೇಕಂತ ನಿನ್ನ ಬಟ್ಟಲದಾಗ ಹಾಕಿ ಹೋದೆ."

ಅವನು ತಲೆ ಎತ್ತಿ ಕೇಳಿದ: "ತಲಿ ಹ್ಯಾಂಗಿತ್ತವ್ವ?"

"ನನ್ನ ಕಣ್ಣಿಗೆ ತಲಿ ಎಲ್ಲಿ ಕಾಣಬೇಕೋ ತಮ್ಮಾ? ಬೆರಳಿಗೆ ಹತ್ತಿದಷ್ಟ ಗೊತ್ತು."

ಅವನು ನಕ್ಕನಂತೆ. ಬಹಳ ದಿನದ ಮೇಲೆ ನಕ್ಕಿದ್ದು. ನೀನೂ ಒಳ್ಳೆಯವಳೇ ಕಾಶವ್ವ, ಊರವರೆಲ್ಲ ಒಳ್ಳೆಯವರೇ ಅಂದ. ಮುದುಕಿಯ ಎದೆ ಒಡೆಯಿತು. ಇವನನ್ನು ಹೇಗೆ ನಂಬಿಸಲಿ ಅಂತ ತೋಚದೆ, ಕೂಸಿನ ತಲೆ ಮುಟ್ಟಿ ಆಣೆ ಮಾಡಲು ಕೈ ಎತ್ತಿದಳು. ರಾಚೋಟೆಪ್ಪ ಎದ್ದು ಬಂದು ಆ ಕೈಯನ್ನು ಗಾಳಿಯಲ್ಲೇ ಹಿಡಿದ.

"ಬ್ಯಾಡವ್ವ. ನನ್ನ ಸಲುವಾಗಿ ಕೂಸಿನ ಮ್ಯಾಲ ಸುಳ್ಳ ಆಣಿ ಇಡಬ್ಯಾಡ."

ಅಷ್ಟು ಒಳ್ಳೆಯ ಮನುಷ್ಯ. ಅಷ್ಟು ಒಳ್ಳೆಯತನವೇ ಅವನಿಗೆ ಮುಳ್ಳಾಯಿತು. ಕಾಶವ್ವ ಬೀದಿಯಲ್ಲಿ ನಿಂತು ನಾನೇ ಹಾಕಿದ್ದು, ನಾನೇ ಹಾಕಿದ್ದು ಅಂತ ಕೂಗಿದಳಂತೆ. ಊರವರೂ ನಂಬಲಿಲ್ಲ. ತಾವೂ ಅದೇ ಸುಳ್ಳು ಹೇಳಿ ಬಂದವರಲ್ಲವೇ? ಪಾಪ, ಒಳ್ಳೆ ಮುದುಕಿ ಅಂತ ಲೊಚಗುಟ್ಟಿ ಒಳಗೆ ಹೋದರು.

ರಾಚೋಟೆಪ್ಪ ಪೆಟ್ಟಿಗೆಗಳನ್ನೆಲ್ಲ ಒರೆಸಿ, ಪೇಸ್ಟು ಹಚ್ಚಿ, ಮುಚ್ಚಿಕೊಟ್ಟ. ಸುಟ್ಟುಹೋದದ್ದಕ್ಕೆ ತನ್ನ ಮನೆಯದನ್ನೇ ಕೊಟ್ಟನಂತೆ. ಮಗ್ಗಗಳು ಮತ್ತೆ ಆಡಿದವು. ಖಾಲಿ ತೂತು ಎಲ್ಲೂ ಸಿಗಲಿಲ್ಲ. ಸಿಗದಿದ್ದುದಕ್ಕೆ ಅವನಿಗೆ ಸಮಾಧಾನ ಆಗಬೇಕಿತ್ತು. ಅವನು ತನ್ನ ಕಣ್ಣೇ ಹೋಗಿದೆ, ನೋಡಿದ್ದೂ ಕಾಣುತ್ತಿಲ್ಲ ಅಂದುಕೊಂಡ. ಚೀಲ ಸುತ್ತಿ ಅಟ್ಟಕ್ಕೆ ಹಾಕಿದ. ದಿನವೂ ಜಗಲಿಯಲ್ಲಿ ಕೂತು, ಯಾವ ಮನೆಯಿಂದ ಹೊಗೆ ಎದ್ದರೂ ಅದು ಒಲೆಯ ಹೊಗೆಯೇ ಹೌದಾ ಅಂತ ಶಿವಗಂಗವ್ವನನ್ನು ಕಳಿಸಿ ನೋಡಿಸುತ್ತಿದ್ದನಂತೆ. ಹಾಗೆ ಕೂತಲ್ಲೇ ಒಂದು ದಿನ ಹೋಗಿಬಿಟ್ಟ. ಸ್ಕ್ರೂ ಅವನ ಮುಷ್ಟಿಯಲ್ಲಿತ್ತು, ಬಿಡಿಸಲು ಬರಲಿಲ್ಲ, ಹಾಗೇ ಮಣ್ಣು ಮಾಡಿದರು ಅಂತಾರೆ. ಕಾಶವ್ವ ಅವನ ಹಿಂದೆಯೇ, ಅದೇ ಮಾತು ಹೇಳುತ್ತಾ ಹೇಳುತ್ತಾ ಹೋದಳಂತೆ.

ಬಹಳ ಕಾಲದ ಮೇಲೆ ಆ ಪೆಟ್ಟಿಗೆಗಳು ಹಳೆಯವಾದವು. ಹೊಸ ಕಾಲದವರು ಒಂದೊಂದಾಗಿ ಬಿಚ್ಚಿ ಗುಜರಿಗೆ ಹಾಕಿದರು. ಬಿಚ್ಚುವಾಗ ನೋಡಿದರೆ ಒಂದರಲ್ಲೂ ಒಂದು ಸ್ಕ್ರೂ ಕಡಿಮೆ ಇರಲಿಲ್ಲ. ಆಗ ಊರಿಗೆ ಅರ್ಥವಾಯಿತು. ಅರ್ಥವಾಗಿ ಏನು ಮಾಡುವುದು, ಹೇಳಿ.

ಈಗಲೂ ಹೊಳೆಸಾಲಿನ ಆ ಊರುಗಳಲ್ಲಿ ಯಾರಾದರೂ ಕಂಪ್ಯೂಟರು ಕಟ್ಟಲು ಕೂತರೆ, ಆ ಮನೆಯ ಹಿರಿಯಳು ಬಂದು ಎಲ್ಲರೆದುರಿಗೆ ಅವನ ಬಟ್ಟಲಿಗೆ ಒಂದು ಸ್ಕ್ರೂ ಹೆಚ್ಚಿಗೆ ಹಾಕುತ್ತಾಳೆ. "ಇದು ನಾ ಹಾಕಿದ್ದಪ್ಪ" ಅನ್ನುತ್ತಾಳೆ. ಕಟ್ಟುವವನು ಹತಾರ ಕೆಳಗಿಟ್ಟು, ಅವಳ ಮುಖ ನೋಡಿ, "ನಂಬೇನಿ ಯವ್ವಾ" ಅನ್ನಬೇಕು. ಅನ್ನದೆ ಯಾರೂ ಕೆಲಸ ಶುರು ಮಾಡುವುದಿಲ್ಲ. ಆ ಒಂದು ಮಾತು ಕೇಳಬೇಕು ಅಂತ ಕಾಶವ್ವ ಸಾಯುವ ತನಕ ಮನೆಮನೆಯ ಬಾಗಿಲು ತಟ್ಟಿದಳಂತೆ. ಅವಳಿಗೆ ಯಾರೂ ಹೇಳಲಿಲ್ಲ.