ಜಗಿದವಳ ಗುಡ್ಡ

ಮೂಡಳ್ಳಿಯ ಬಸ್ಸು ನಿಲ್ಲುವ ಕಟ್ಟೆಯಿಂದ ತೆಂಕಲಿಗೆ ಕಾಣುವ ಬೋಳು ಗುಡ್ಡಕ್ಕೆ ಜಗಿದವಳ ಗುಡ್ಡ ಎಂದು ಹೆಸರು. ಹಲಗೆಯ ಮೇಲೆ ಆನೆಗುಡ್ಡ ಎಂದು ಬರೆಸಿದ್ದಾರೆ. ಬರೆಸಲಿ, ಹಲಗೆ ನೆಟ್ಟವನು ಇಲ್ಲಿಯವನಲ್ಲ. ಅರ್ಧ ಗುಡ್ಡ ಹತ್ತಿದರೆ ಕಲ್ಲು ಪೇರಿಸಿ ಮುಚ್ಚಿದ ಒಂದು ದೊಡ್ಡ ಬಿರುಕು ಸಿಗುತ್ತದೆ. ಅದರ ಮುಂದೆ ಮಂಡಿಯೂರಿದ ಹಾಗೆ ಒಂದು ಬಂಡೆ, ಬಂಡೆಯ ಸೊಂಡಿಲು ಕಲ್ಲುಸಂದಿಯೊಳಗೆ ಹೋಗಿದೆ. ಇಲ್ಲಿಗೆ ಬರುವ ಹೆಂಗಸರು ಹಣ್ಣುಕಾಯಿ ಒಪ್ಪಿಸುವುದಿಲ್ಲ. ಕಬ್ಬು ಜಗಿದು ಅದರ ಉಂಡೆಯನ್ನು ಸಂದಿಯಲ್ಲಿ ಇಡುತ್ತಾರೆ. ಎಂಜಲು ಇಡುವುದೆಂದರೇನು ಎಂದು ಪೇಟೆಯಿಂದ ಬಂದ ಸೊಸೆಯರು ಮೂಗು ಮುರಿಯುತ್ತಾರೆ, ಕೇಳಿ ತಿಳಿದುಕೊಳ್ಳುವ ವ್ಯವಧಾನ ಮಾತ್ರ ಅವರಿಗಿಲ್ಲ.

ಹಿಂದೆ ಒಮ್ಮೆ ಈ ಗುಡ್ಡದ ಮೇಲೆ ಸೊಂಡಿಲ ಮಂದಿ ಇದ್ದರು ಎನ್ನುತ್ತಾರೆ. ನಮ್ಮ ಹಾಗೆಯೇ ಎರಡು ಕಾಲು, ಎರಡು ಕೈ. ಮೂಗಿನ ಜಾಗದಲ್ಲಿ ಮಾತ್ರ ಮೊಣಕಾಲಿಗೆ ಇಳಿಯುವ ಸೊಂಡಿಲು, ಮೊರದಗಲದ ಕಿವಿ. ಅವರ ಹುಟ್ಟಿನ ಸಂಗತಿಯನ್ನು ಹಿರಿಯರು ಮಕ್ಕಳನ್ನು ಆಚೆ ಕಳಿಸಿ ಹೇಳುತ್ತಿದ್ದರು. ಪಾಳೇಗಾರನೊಬ್ಬನ ಮಗಳು, ಮದುವೆ ಗೊತ್ತಾದವಳು, ಹೊಳೆಗೆ ಮೀಯಲು ಹೋಗಿ ಹನ್ನೆರಡು ವರ್ಷ ಮನೆಗೆ ಬರಲಿಲ್ಲವಂತೆ. ಬಂದಾಗ ಸೊಂಟದ ಮೇಲೊಂದು, ಸೆರಗು ಹಿಡಿದು ನಾಲ್ಕು, ಎಲ್ಲಕ್ಕೂ ಸೊಂಡಿಲು. ಇವುಗಳ ಅಪ್ಪ ಯಾರೆಂದು ಕೇಳಿದ್ದಕ್ಕೆ ಅವಳು ತಲೆ ತಗ್ಗಿಸುವುದಿರಲಿ, ಕಾಡಿನ ಕಡೆ ಬೆರಳು ತೋರಿಸಿ, ನಿಮ್ಮ ಗಂಡಸರಿಗಿಂತ ಮೆತ್ತಗೆ ಹೆಜ್ಜೆ ಇಡುತ್ತಾನೆ ಎಂದಳಂತೆ. ಹೆತ್ತ ಅಪ್ಪನೇ ಕಲ್ಲು ಹೊಡೆಸಿ ಗುಡ್ಡ ಹತ್ತಿಸಿದ. ಆ ಐದು ಮಕ್ಕಳಿಂದ ಬೆಳೆದದ್ದು ಈ ಮಂದಿ.

ಅವರಲ್ಲಿ ಹೆಂಗಸರದೇ ಆಳ್ವಿಕೆ. ಗಂಡುಗಳಿಗೆ ಕೋರೆ ಮೂಡಿತೆಂದರೆ ಹೊರಗೆ ಅಟ್ಟುತ್ತಿದ್ದರು. ವರ್ಷಕ್ಕೊಮ್ಮೆ ಬಂದು ಹೋಗುವುದು, ಅಷ್ಟೆ. ಈ ಪದ್ಧತಿ ನಮ್ಮಲ್ಲೂ ಇದ್ದಿದ್ದರೆ ಎಷ್ಟೋ ಮನೆಗಳು ತಣ್ಣಗಿರುತ್ತಿದ್ದವು. ಎದುರಾದವರು ಒಬ್ಬರ ಬಾಯಲ್ಲಿ ಇನ್ನೊಬ್ಬರು ಸೊಂಡಿಲ ತುದಿ ಇಟ್ಟು ಕ್ಷೇಮ ಕೇಳುವುದು ಅವರ ರೂಢಿ. ಉಂಡದ್ದು, ಕದ್ದದ್ದು, ಬಸಿರಾದದ್ದು ಎಲ್ಲವೂ ಹಾಗೆಯೇ ತಿಳಿದುಹೋಗುತ್ತಿತ್ತು. ಅವರಿಗೆ ಹಲ್ಲು ಆರು ಸಲ ಹುಟ್ಟುತ್ತಿತ್ತು. ಆರನೆಯದೂ ಉದುರಿದವಳು ಮಂದಿಯನ್ನು ಆಳುವ ಹಿರಿಯವ್ವನೇ ಆಗಿರಲಿ, ಬುಡದ ಜೌಗಿಗೆ ಇಳಿದು, ಮೆತ್ತನೆ ಹುಲ್ಲು ಕಿತ್ತು ತಿನ್ನುತ್ತಾ ಒಬ್ಬಳೇ ಕೆಸರಿನಲ್ಲಿ ಸಾಯಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಜಗಿದ ತುತ್ತನ್ನು ಹೆಣದ ಬಾಯಿಗೆ ಮಾತ್ರ ಇಡಬೇಕು. ಬದುಕಿರುವವರಿಗಾಗಿ ಜಗಿದರೆ ಅವರ ಸಾವು ಬಯಸಿದ ಹಾಗೆ.

ಕಡೆಯ ಹಿರಿಯವ್ವನ ಹೆಸರು ಕೆಂಚವ್ವ. ತನ್ನ ತಾಯಿಗೆ ಇನ್ನೂ ನಾಲ್ಕು ಹಲ್ಲು ಗಟ್ಟಿಯಿರುವಾಗಲೇ ಅವಳನ್ನು ಜೌಗಿಗೆ ತಳ್ಳಿ ಪಟ್ಟಕ್ಕೆ ಕೂತ ಮಹಾತಾಯಿ. ಆ ಮುದುಕಿ ಕೆಳಗಿನಿಂದ ನಲವತ್ತು ದಿನ ಮಗಳ ಹೆಸರು ಹಿಡಿದು ಕೂಗಿದಳಂತೆ. ಕೆಂಚವ್ವ ಕಿವಿ ಮಡಚಿಕೊಂಡು ಹಲಸು ತಿಂದಳು. ಈಗ ತನ್ನ ಕಡೆಯ ಹಲ್ಲು ಉದುರಿದ ದಿನ ಅವಳಿಗೆ ಕೇಳಿಸಿದ್ದು ಆ ಕೂಗೇ. ಹಲ್ಲನ್ನು ಮಣ್ಣಲ್ಲಿ ಹೂತಳು. ತನಗೊಂದು ವ್ರತವಿದೆ, ಇನ್ನು ಯಾರೂ ತನ್ನ ಬಾಯಿ ಮುಟ್ಟಕೂಡದು ಎಂದು ಸಾರಿದಳು. ಗುಟ್ಟು ತಿಳಿದವಳು ಮಗಳು ಬೊಳ್ಳಿ ಒಬ್ಬಳೇ. ಮಧ್ಯಾಹ್ನ ಮಂದಿಯೆಲ್ಲ ಮಣ್ಣು ಎರಚಿಕೊಂಡು ಮೈ ತಂಪು ಮಾಡಿಕೊಳ್ಳುವಾಗ ಬೊಳ್ಳಿ ಬಿದಿರ ಮೆಳೆಯ ಹಿಂದೆ ಕಬ್ಬು, ಕಳಲೆ ಜಗಿದು, ಮುತ್ತುಗದ ಎಲೆಯ ಮೇಲೆ ಉಂಡೆ ಮಾಡಿ ಇಡುತ್ತಿದ್ದಳು. ಕೆಂಚವ್ವ ಅವಳ ಕಡೆ ನೋಡದೆ ನುಂಗುತ್ತಿದ್ದಳು. ಒಂದು ದಿನವೂ ಮಗಳನ್ನು ನೀನು ಉಂಡೆಯಾ ಎಂದು ಕೇಳಿದ್ದಿಲ್ಲ. ಉಂಡೆ ಒರಟಾಗಿದೆ ಎಂದು ಬೈದದ್ದುಂಟು.

ಎರಡು ವರ್ಷ ಹೀಗೆ ನಡೆಯಿತು. ಕೆಂಚವ್ವನ ತಂಗಿ ಹುಚ್ಚೀರಿಗೆ ಪಟ್ಟದ ಮೇಲೆ ಮೊದಲಿನಿಂದ ಕಣ್ಣು. ಅಕ್ಕನಿಗೆ ಹೊಸದಾಗಿ ವ್ರತ ಹುಟ್ಟಿದಂದೇ ಅವಳ ಮೂಗು ಚುರುಕಾಗಿತ್ತು. ಅವಳು ಮೆಳೆಯ ಹಿಂದೆ ಹೋಗಿ ಎಲೆ ಸಮೇತ ಉಂಡೆಗಳನ್ನು ತಂದು ಮಂದಿಯ ನಡುವೆ ಇಟ್ಟಳು. ಯಾರ ಹೆಣಕ್ಕಮ್ಮ ಇದು ಎಂದು ಬೊಳ್ಳಿಯನ್ನು ಕೇಳಿದಳು. ಕೇಳಿದ್ದು ಬೊಳ್ಳಿಯನ್ನು, ನೋಡಿದ್ದು ಅಕ್ಕನ ಮುಖವನ್ನು. ಬೊಳ್ಳಿ ತಾಯಿಯ ಕಡೆ ತಿರುಗಿ ನಿಂತಳು. ಕೆಂಚವ್ವ ಒಮ್ಮೆ ಬಾಯಿ ತೆರೆದು ತೋರಿಸಿದ್ದರೆ ಮಗಳು ಉಳಿಯುತ್ತಿದ್ದಳು, ತಾನು ಜೌಗಿಗೆ ಇಳಿಯಬೇಕಾಗುತ್ತಿತ್ತು. ಅವಳು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ.

"ನನ್ನ ಹೆಣಕ್ಕೇ ಜಗಿದಿದ್ದಾಳೆ" ಎಂದಳು. "ಪಟ್ಟದ ಆಸೆ. ಹೆತ್ತವಳಿಗೆ ಗೊತ್ತಾಗುವುದಿಲ್ಲವೇ?"

ಸಾವು ಬಯಸಿದವಳನ್ನು ಬಿರುಕಿನೊಳಗೆ ಇಳಿಸಿ ಕಲ್ಲು ಪೇರಿಸುವುದು ಅವರ ಶಿಕ್ಷೆ. ಮೊದಲ ಕಲ್ಲು ಹೆತ್ತವಳದು. ಬೊಳ್ಳಿ ತಾನೇ ನಡೆದು ಒಳಗೆ ಹೋದಳು, ಅಳಲಿಲ್ಲ, ಶಪಿಸಲಿಲ್ಲ. ಕೆಂಚವ್ವ ಕಲ್ಲು ಎತ್ತಿ ಹತ್ತಿರ ಬಂದಾಗ ಒಂದೇ ಮಾತು ಕೇಳಿದಳು.

"ಅವ್ವಾ, ನಾಳೆಗೆ ಯಾರನ್ನು ಗೊತ್ತುಮಾಡಿಕೊಂಡಿದ್ದೀಯೆ?"

ಮಂದಿಗೆ ಅರ್ಥವಾಗಲಿಲ್ಲ. ಕೆಂಚವ್ವ ಕಲ್ಲು ಇಟ್ಟಳು.

ಮಾರನೆಯ ದಿನ ಹಿರಿಯವ್ವ ಬದುಕಿಕೊಂಡಳೆಂಬ ಸಂತೋಷಕ್ಕೆ ಊಟ. ಬೇಲದ ಹಣ್ಣು, ಎಳೆ ಬಿದಿರು, ಕಬ್ಬು, ಬೈನೆ ಮರದ ತಿರುಳು, ಎಲ್ಲವನ್ನೂ ಅವಳ ಮುಂದೆ ಗುಡ್ಡೆ ಹಾಕಿದರು. ಅವಳು ತುತ್ತು ಇಡದೆ ಯಾರೂ ತಿನ್ನುವ ಹಾಗಿಲ್ಲ. ಅವಳು ಒಂದು ಕಬ್ಬನ್ನು ಬಾಯಿಗಿಟ್ಟು ವಸಡಿನಲ್ಲಿ ಅದುಮಿ, ವ್ರತ ಎಂದು ಕೆಳಗಿಟ್ಟಳು. ಎದುರಿಗೆ ಕೂತ ಹುಚ್ಚೀರಿಗೆ ಅವಸರವೇನಿರಲಿಲ್ಲ. ಬಾಯಿ ತೆರೆಸಿ ಜೌಗಿಗೆ ಅಟ್ಟುವುದಕ್ಕಿಂತ ಇದೇ ಅವಳಿಗೆ ರುಚಿಸಿತು. ದಿನವೂ ಗಟ್ಟಿಯಾದ ಬೇಲವನ್ನೇ ಆರಿಸಿ ಮುಂದಕ್ಕೆ ನೂಕಿ, "ತಿನ್ನಕ್ಕ, ಬಡವಾಗಿದ್ದೀಯೆ" ಎನ್ನುತ್ತಿದ್ದಳು. ಹತ್ತು ದಿನಕ್ಕೆ ಕೆಂಚವ್ವನ ಕೆನ್ನೆ ಒಳಗೆ ಹೋಯಿತು, ಚರ್ಮ ಒಗೆದು ಹಾಕಿದ ಕಂಬಳಿಯ ಹಾಗೆ ನೇತುಬಿತ್ತು. ಜೌಗಿನ ಹುಲ್ಲು ಮೇಲಿನಿಂದಲೇ ಕಾಣುತ್ತಿತ್ತು, ಹಸಿರಾಗಿ, ಮೆತ್ತಗೆ. ಇಳಿದರೆ ಗುಟ್ಟು ಬಯಲು. ಇಳಿಯಲಿಲ್ಲ.

ಕಡೆಗೆ ತೆವಳಿಕೊಂಡು ಬಿರುಕಿನ ಹತ್ತಿರ ಹೋಗಿ, ಮಂಡಿಯೂರಿ, ಸಂದಿಯೊಳಗೆ ಸೊಂಡಿಲು ಇಳಿಬಿಟ್ಟು ತಡಕಿದಳು. ಸೊಂಡಿಲಿಗೆ ಎಟುಕುವಂತೆ, ಒಂದರ ಪಕ್ಕ ಒಂದು, ಉಂಡೆಗಳಿದ್ದವು. ಒಳಗೆ ಇಳಿದಿದ್ದ ಗೋಣಿಮರದ ಬೇರನ್ನು ಬೊಳ್ಳಿ ಸಾಯುವವರೆಗೆ ಜಗಿದು, ಜಗಿದು, ಇಟ್ಟಿದ್ದಳು. ಎಲ್ಲವೂ ಒಣಗಿ ಕಲ್ಲಾಗಿದ್ದವು. ಪ್ರೀತಿಗೆ ಇಟ್ಟಳೋ ಅಣಕಿಸಲು ಇಟ್ಟಳೋ ಎಂಬುದಕ್ಕೆ ಮೂಡಳ್ಳಿಯಲ್ಲಿ ಇಂದಿಗೂ ಎರಡು ಪಂಗಡ. ಕೆಂಚವ್ವ ಒಂದನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದಕ್ಕೆ ಸೊಂಡಿಲು ಚಾಚಿದವಳು ಹಾಗೆಯೇ ಕಲ್ಲಾದಳು.

ಹುಚ್ಚೀರಿಯ ಮಂದಿ ಆಮೇಲೆ ಎತ್ತ ಹೋದರೋ ಯಾರಿಗೂ ತಿಳಿಯದು. ಸಂದಿಯಲ್ಲಿ ಟಾರ್ಚು ಬಿಟ್ಟರೆ ನಾರುನಾರಾದ ಕಲ್ಲುಂಡೆಗಳು ಈಗಲೂ ಕಾಣುತ್ತವೆ. ಹರಕೆಯ ಹೆಂಗಸರು ಜಗಿದು ಇಡುವುದು ಬೊಳ್ಳಿಗೆ, ಅವಳ ತಾಯಿಗಲ್ಲ. ಮಂಡಿಯೂರಿದ ಬಂಡೆಗೆ ಅರಿಶಿನ ಹಚ್ಚುವವರಿಲ್ಲ. ಅದರ ಬಾಯಿ ಗೇಣಗಲ ತೆರೆದಿದೆ, ಬಂದವರೆಲ್ಲ ಒಳಗೆ ಬೆರಳಾಡಿಸಿ ನೋಡಿಯೇ ಇಳಿಯುತ್ತಾರೆ. ನುಣ್ಣಗಿದೆ.