ಪಕ್ಕದ ಕುರ್ಚಿಯವರು

“ಬುದ್ಧಿ, ಇನ್ನೊಬ್ಬರಿಗಿಂತ ನಾನೇ ಮೇಲು ಎಂದು ತೋರಿಸಿಕೊಳ್ಳುವುದು ಹೇಗೆ?” ಎಂದು ಮರುಳಸಿದ್ಧ ಮಠದ ಸ್ವಾಮಿಗಳನ್ನು ಕೇಳಿದ.

ಆತ ಆ ಮಠದಲ್ಲಿ ಉಂಡು ಓದಿದವನು. ಈಗ ಒಂದು ದೊಡ್ಡ ತಂತ್ರಜ್ಞಾನ ಕಂಪನಿಯಲ್ಲಿ ಮಾರ್ಕೆಟಿಂಗ್ ಕೆಲಸಕ್ಕೆ ಪ್ರಯತ್ನಿಸುತ್ತಿದ್ದ. ಸಂದರ್ಶನದ ಕೊನೆಯ ಸುತ್ತು ಮಾತ್ರ ಬಾಕಿ, ಅದು ಮರುದಿನ. ಅರ್ಜಿ ಹಾಕಿದ ಅಷ್ಟೂ ಜನರಲ್ಲಿ ಉಳಿದವರು ಇಬ್ಬರು, ಆತ ಮತ್ತು ಒಬ್ಬ ಹುಡುಗಿ.

“ಪ್ರತಿ ಸುತ್ತಿನಲ್ಲೂ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿರ್ತಾಳೆ, ಬುದ್ಧಿ. ಇಂಗ್ಲಿಷು ನನಗಿಂತ ಚೆನ್ನಾಗಿದೆ. ಇರೋದು ಒಂದೇ ಜಾಗ. ಇದು ಕೈತಪ್ಪಿದರೆ ಇಂಥದ್ದು ನನಗೆ ಮತ್ತೆ ಸಿಗಲ್ಲ.”

ಸ್ವಾಮಿಗಳು ನಕ್ಕರು. “ಮಾರುವ ವಿದ್ಯೆ ಕಲಿಯಲು ನಮ್ಮ ಹತ್ತಿರ ಬಂದೆಯಾ? ನಾವು ಬಿಟ್ಟಿ ಊಟ ಹಾಕುವವರು. ಇರಲಿ, ಕೂತುಕೋ. ಒಂದು ಕತೆ ಹೇಳುತ್ತೇವೆ.”

ಹೀಗೆಂದು ಅವರು ಹೇಳತೊಡಗಿದರು.

ಇಂಥದ್ದೇ ಒಂದು ದೊಡ್ಡ ಕಂಪನಿ ಇತ್ತು. ಫೋನು, ಕಂಪ್ಯೂಟರು, ಕೂತಲ್ಲಿಂದಲೇ ಮನೆಯ ದೀಪ ಆರಿಸುವ ಯಂತ್ರ, ಎಲ್ಲವನ್ನೂ ಮಾಡುತ್ತಿತ್ತು. ಅದರ ಮಾರ್ಕೆಟಿಂಗ್ ವಿಭಾಗಕ್ಕೆ ಒಬ್ಬ ಹಿರಿಯಳು ಮುಖ್ಯಸ್ಥೆ. ಆಕೆ ಒಂದು ಪದ್ಧತಿ ಇಟ್ಟಿದ್ದಳು. ಕೊನೆಗೆ ಉಳಿದ ಇಬ್ಬರನ್ನು ಒಂದು ಗಂಟೆ ಒಂದೇ ಕೋಣೆಯಲ್ಲಿ ಕೂರಿಸಬೇಕು. ಆಮೇಲೆ ಒಬ್ಬರು ಇನ್ನೊಬ್ಬರನ್ನು ಆಯ್ಕೆ ಸಮಿತಿಗೆ ಪರಿಚಯಿಸಬೇಕು. ತನ್ನ ವಿಷಯ ಯಾರೂ ಒಂದು ಮಾತೂ ಆಡುವಂತಿಲ್ಲ. ಕೈಗೆ ಕೊಟ್ಟದ್ದರ ಬೆಲೆಯನ್ನು ನಾಲ್ಕು ಜನಕ್ಕೆ ತಿಳಿಸುವುದೇ ಈ ಕೆಲಸ ಎಂದು ಆಕೆ ನಂಬಿದ್ದಳು.

ಒಮ್ಮೆ ಹಾಗೆ ಉಳಿದವರು ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು. ಗಂಡಸಿಗೆ ಕೆಲಸ ಹೋಗಿ ವರ್ಷ ದಾಟಿತ್ತು. ಆತನ ಹೆಂಡತಿ ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳಿ ಸಂಸಾರ ತೂಗಿಸುತ್ತಿದ್ದಳು. ಹೆಂಗಸು ಕೆಲಸ ಬಿಟ್ಟು ಆರು ವರ್ಷ ಮನೆಯಲ್ಲಿದ್ದವಳು. ಹಾಸಿಗೆ ಹಿಡಿದ ಮಾವನನ್ನು ನೋಡಿಕೊಂಡಿದ್ದಳು. ಮಾವ ತೀರಿಕೊಂಡ ಮೇಲೆ ಮತ್ತೆ ಕೆಲಸ ಹುಡುಕಿ ಹೊರಟಿದ್ದಳು. ಇಬ್ಬರಿಗೂ ಆ ಕೆಲಸ ಬೇಕಿತ್ತು. ಗಂಡಸಿಗೆ ತುಸು ಹೆಚ್ಚೇ ಬೇಕಿತ್ತು.

ಚಹಾ ಇಟ್ಟು ಬಾಗಿಲು ಮುಚ್ಚಿದರು. ಗಂಡಸು ಚುರುಕು. ನನ್ನನ್ನು ಪರಿಚಯಿಸುವವಳು ಇವಳು, ಆದ್ದರಿಂದ ಇವಳ ತಲೆಯಲ್ಲಿ ನನ್ನನ್ನೇ ತುಂಬಬೇಕು ಎಂದು ಯೋಚಿಸಿದ. ಕೂತವನೇ ಶುರುಮಾಡಿದ. ಮಾರಾಟವನ್ನು ಶೇಕಡಾ ನಲವತ್ತು ಏರಿಸಿದ್ದು, ಬಂದ ಬಹುಮಾನಗಳು, ವಿದೇಶದಲ್ಲಿ ಮಾಡಿದ ಭಾಷಣ, ಒಂದೂ ಬಿಡಲಿಲ್ಲ. ನಡುವೆ ಹೆಂಗಸು ಮಾವನ ವಿಷಯ ಒಂದು ಮಾತು ಹೇಳಿದಳು. ಆತ “ಪಾಪ” ಎಂದು ಮುಂದುವರಿಸಿದ.

ಆಕೆಯನ್ನು ಪರಿಚಯಿಸಲು ಆತನಿಗೆ ಅಷ್ಟೇ ಸಾಕಾಗಿತ್ತು. “ಆರು ವರ್ಷ ಮಾವನ ಸೇವೆ ಮಾಡಿದ ಮಹಾತಾಯಿ ಇವರು. ಇಂಥ ಸೊಸೆ ಇದ್ದರೆ ಮನೆಗೇ ಭಾಗ್ಯ” ಎಂದುಬಿಟ್ಟರೆ ಮುಗಿಯಿತು. ಕೇಳುವುದಕ್ಕೆ ಹೊಗಳಿಕೆ. ಕೆಲಸ ಕೊಡುವವರಿಗೆ ಮಾತ್ರ ಇವಳು ಮನೆಯವಳು, ನಮಗೆ ಬೇಡ ಎನ್ನಿಸುತ್ತದೆ. ಹೊಗಳಿ ಮನೆಗೆ ಕಳಿಸುವುದು ಎಂದರೆ ಇದೇ. ನಮ್ಮ ಮಠಗಳಲ್ಲೂ ಈ ವಿದ್ಯೆ ಬಲ್ಲವರಿದ್ದಾರೆ, ಬಿಡು.

ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, “ಸರ್, ನೀವು ಯಾವ ಸಂದರ್ಶನದಲ್ಲೂ ಹೇಳದೆ ಇರೋ ಕೆಲಸ ಏನಾದರೂ ಇದೆಯಾ?” ಎಂದಳು.

ಆತನಿಗೆ ನಗು ಬಂತು. ಆದರೂ ಹೇಳಿದ. ಹಿಂದೆ ಆತ ಕಿವಿ ಮಂದವಾದವರಿಗೆ ಶ್ರವಣಯಂತ್ರ ಮಾಡುವ ಒಂದು ಸಣ್ಣ ಕಂಪನಿಯಲ್ಲಿದ್ದ. ಯಂತ್ರ ಚೆನ್ನಾಗಿತ್ತು, ಕೊಳ್ಳುವವರಿರಲಿಲ್ಲ. “ನಿಮಗೆ ಕಿವಿ ಕೇಳಿಸುವುದಿಲ್ಲವೇ?” ಎಂದು ಜಾಹೀರಾತು ಹಾಕಿದ್ದರು. ಆತ ಹೋಗಿ ಕಿವಿಯ ಡಾಕ್ಟರ ಆಸ್ಪತ್ರೆಯ ಬೆಂಚಿನ ಮೇಲೆ ದಿನಗಟ್ಟಲೆ ಕೂತ. ಬಂದ ಮುದುಕರಲ್ಲಿ ಒಬ್ಬರೂ ತಮಗೆ ಕಿವುಡು ಎಂದು ಒಪ್ಪುತ್ತಿರಲಿಲ್ಲ. ಜೊತೆಗೆ ಬಂದ ಮಗಳೋ ಸೊಸೆಯೋ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿರುತ್ತಿದ್ದಳು. ಆತ ವಾಪಸು ಬಂದು ಹಳೆಯ ಜಾಹೀರಾತು ತೆಗೆಸಿ, “ಮನೆಯವರು ಇನ್ನು ಮೆಲ್ಲಗೆ ಮಾತಾಡಲಿ” ಎಂದು ಬರೆಸಿದ. ಜನ ಕೇಳಿಕೊಂಡು ಬರತೊಡಗಿದರು. ಅಷ್ಟರಲ್ಲಿ ಕಂಪನಿ ಬೇರೆಯವರ ಕೈಸೇರಿತು. ಅವರು ಆ ಯಂತ್ರವನ್ನೇ ನಿಲ್ಲಿಸಿಬಿಟ್ಟರು.

“ಇದನ್ನ ಯಾಕೆ ಯಾರಿಗೂ ಹೇಳಲ್ಲ?” ಎಂದು ಹೆಂಗಸು ಕೇಳಿದಳು.

“ಇದರಲ್ಲಿ ಅಂಕಿ ಎಲ್ಲಿದೆ ಮೇಡಂ? ಅಂಕಿ ಇಲ್ಲದ್ದನ್ನ ನಮ್ಮ ಕೆಲಸದಲ್ಲಿ ಯಾರು ಕೇಳ್ತಾರೆ?”

ನೋಡು, ಮರುಳಸಿದ್ಧ. ಊರಿನವರ ಸರಕಿಗೆಲ್ಲ ಒಳ್ಳೆಯ ಮಾತು ಹುಡುಕಿಕೊಟ್ಟವನು ಆತ. ತನ್ನಲ್ಲಿದ್ದ ಒಳ್ಳೆಯ ಸರಕನ್ನು ಮಾತ್ರ ಮೂಲೆಗೆ ಹಾಕಿ ಮರೆತಿದ್ದ.

ಗಂಟೆ ಮುಗಿಯಿತು. ಇಬ್ಬರನ್ನೂ ಸಮಿತಿಯ ಮುಂದೆ ಕೂರಿಸಿದರು. ಮೊದಲ ಸರದಿ ಹೆಂಗಸಿನದು. ಆಕೆ ಎದ್ದು ನಿಂತು ಹೇಳಿದಳು: “ಇವರ ಕೈಗೆ ಲೆಕ್ಕದ ಕೆಲಸ ಕೊಡಬೇಡಿ. ನಲವತ್ತು ಅಂದದ್ದು ಅರ್ಧ ಗಂಟೇಲಿ ನಲವತ್ತೈದು ಆಯಿತು. ಇವತ್ತು ಸ್ವಲ್ಪ ಮಾತೂ ಜಾಸ್ತಿ ಆಡಿದರು, ಕೆಲಸ ಅಷ್ಟು ಬೇಕಾಗಿದೆ, ಅದಕ್ಕೆ.”

ಗಂಡಸಿನ ಮುಖ ಬಿಳಿಚಿಕೊಂಡಿತು. ಆಕೆ ನಿಲ್ಲಿಸಲಿಲ್ಲ. ಶ್ರವಣಯಂತ್ರದ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಆಸ್ಪತ್ರೆಯ ಬೆಂಚನ್ನು ಹೇಳಿದಳು. ಗಂಟಲು ಕಟ್ಟಿದ ಸೊಸೆಯರನ್ನು ಹೇಳಿದಳು. “ಯಾರು ಕೊಳ್ಳುತ್ತಾರೆ ಅಂತ ನಾವೆಲ್ಲ ನೋಡ್ತೀವಿ. ಯಾರಿಗೆ ಕಷ್ಟ ಆಗ್ತಿದೆ ಅಂತ ಇವರು ನೋಡಿದರು. ನಿಮ್ಮಲ್ಲಿ ಯಾವುದಾದರೂ ಒಳ್ಳೆ ವಸ್ತು ಮಾರಾಟ ಆಗದೆ ಕೂತಿದ್ದರೆ, ಇವರನ್ನ ಕರೆಸಿಕೊಳ್ಳಿ” ಎಂದು ಕೂತಳು.

ಕೊರತೆಯನ್ನು ಮೊದಲೇ ಹೇಳಿದ್ದರಿಂದ ಉಳಿದದ್ದನ್ನೆಲ್ಲ ಸಮಿತಿ ನಂಬಿತು. ಅಷ್ಟೇ ಅಲ್ಲ, ಗಂಡಸೂ ನಂಬಿದ. ವರ್ಷದಿಂದ ಆತ ತನ್ನ ವಿಷಯ ಎಷ್ಟು ಮಾತಾಡಿದ್ದ, ಇಷ್ಟು ಒಳ್ಳೆಯ ಮಾತು ಒಂದೂ ಆಡಿರಲಿಲ್ಲ. ಆತನ ಕಣ್ಣು ತುಂಬಿ ಬಂತು.

“ನಿಮ್ಮ ಸರದಿ” ಎಂದಳು ಹಿರಿಯಳು.

ಆತ ಎದ್ದ. ಮಹಾತಾಯಿಯ ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅದನ್ನು ಆಡಿದರೆ ಕೆಲಸ ತನ್ನದೇ ಎಂದು ಆತನಿಗೆ ಗೊತ್ತಿತ್ತು. ಮನೆಯಲ್ಲಿ ಪಾಠ ಹೇಳುತ್ತಿದ್ದ ಹೆಂಡತಿಯೂ ನೆನಪಿದ್ದಳು.

“ನಾನು ಇವರನ್ನ ಏನೂ ಕೇಳಲಿಲ್ಲ. ಒಂದು ಗಂಟೆ ಬರೀ ನನ್ನದೇ ಹೇಳಿಕೊಂಡೆ” ಎಂದ.

“ನಿಮ್ಮ ವಿಷಯ ಆಡುವಂತಿಲ್ಲ” ಎಂದು ಹಿರಿಯಳು ನೆನಪಿಸಿದಳು.

“ಗೊತ್ತು, ಮೇಡಂ. ಅದನ್ನ ಹೇಳದೆ ಇವರನ್ನ ಪರಿಚಯಿಸೋಕಾಗಲ್ಲ. ವರ್ಷದಿಂದ ನಾನು ನನ್ನನ್ನ ಮಾರಿಕೊಂಡು ತಿರುಗ್ತಿದ್ದೀನಿ, ಯಾರಿಗೂ ಬೇಡವಾಗಿತ್ತು. ಈಗ ಇವರು ನನ್ನ ವಿಷಯ ಮಾತಾಡ್ತಿದ್ದಾಗ, ಇಂಥ ಮನುಷ್ಯ ನಮಗೆ ಬೇಕಲ್ಲ ಅಂತ ನನಗೇ ಅನ್ನಿಸಿತು. ಇರೋದು ಒಂದೇ ಕೆಲಸ ಆದರೆ ಇವರಿಗೆ ಕೊಡಿ.”

ಕೆಲಸ ಹೆಂಗಸಿಗೆ ಆಯಿತು. ಸಮಿತಿಯವರು ಹೆಚ್ಚು ಹೊತ್ತು ಯೋಚಿಸಲಿಲ್ಲ.

ಹೊರಗೆ ಬಂದ ಮೇಲೆ ಆಕೆ, “ನಿಮಗೆ ಈ ಕೆಲಸ ಬೇಕಿತ್ತು, ಸರ್” ಎಂದಳು.

“ಬೇಕಿತ್ತು” ಎಂದ ಆತ. ಆಮೇಲೆ, “ಮೇಡಂ, ನಿಮ್ಮ ಮಾವನವರ ವಿಷಯ ಏನೋ ಹೇಳೋಕೆ ಹೊರಟಿದ್ದಿರಿ. ಈಗ ಹೇಳ್ತೀರಾ?” ಎಂದು ಕೇಳಿದ.

ಕೆಲಸ ಆಗಲೇ ಕೈಬಿಟ್ಟಿತ್ತು. ಇನ್ನು ಕೇಳಿ ಆತನಿಗೆ ಏನೂ ಆಗಬೇಕಿರಲಿಲ್ಲ. ಆದರೂ ಕ್ಯಾಂಟೀನಿನಲ್ಲಿ ಆಕೆಯ ಎದುರು ಕೂತು, ಚಹಾ ಆರುವವರೆಗೂ ಕೇಳಿದ. ಅವರಿಬ್ಬರಲ್ಲಿ ಯಾರಿಗೆ ಮೊದಲು ಕೈಮುಗಿಯಬೇಕು ಎಂದು ನಮಗೆ ಇನ್ನೂ ಗೊತ್ತಾಗಿಲ್ಲ.

ಸ್ವಾಮಿಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಮರುಳಸಿದ್ಧನಿಗೆ ಸಮಾಧಾನವಾಗಲಿಲ್ಲ.

“ಆ ಗಂಡಸಿನ ಗತಿ ಏನಾಯಿತು, ಬುದ್ಧಿ?”

“ಮುಂದಿನ ಕಡೆ ಅಂಕಿ ಬಿಟ್ಟು ಕಿವಿಯ ಯಂತ್ರದ ಕತೆ ಹೇಳಿದ. ತಡವಾಯಿತು, ಆದರೆ ಕೆಲಸ ಸಿಕ್ಕಿತು. ನಿನಗೆ ಬೇಕಾದದ್ದು ಅದಲ್ಲವಲ್ಲ.”

“ಅಲ್ಲ, ಬುದ್ಧಿ. ನಾಳೆ ಒಳಗೆ ಹೋಗಿ ನಾನು ಏನು ಹೇಳಲಿ?”

ಸ್ವಾಮಿಗಳು ಆತನನ್ನೇ ನೋಡಿದರು.

“ಪ್ರತಿ ಸಲವೂ ಪಕ್ಕದಲ್ಲಿ ಕೂರುತ್ತಾಳೆ ಎಂದೆಯಲ್ಲ, ಆ ಹುಡುಗಿಯ ಹೆಸರೇನು?”

ಮರುಳಸಿದ್ಧ ತಲೆ ತಗ್ಗಿಸಿದ. “ಕೇಳೇ ಇಲ್ಲ, ಬುದ್ಧಿ” ಎಂದ.